ಮಕ್ತುಂ ಕಾಕಾ ತೆಗೆದುಕೊಂಡ ಅಳತೆ

ಗಿಟಾರ್ ಕೊಳ್ಳಲು ಹೊರಟವರ ಮೈ ಅಳತೆ ತೆಗೆದುಕೊಂಡವರನ್ನು ನಾನು ಒಬ್ಬರನ್ನೇ ನೋಡಿದ್ದೇನೆ. ಕಲಘಟಗಿಯ ಟೇಲರ್ ಮಕ್ತುಂ ಕಾಕಾ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನನ್ನ ಎಡಗೈ ಅಗಲಿಸಿ ಇಡಿಸಿ, ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ ಟೇಪು ಎಳೆದರು. ಆಮೇಲೆ ಹೆಗಲಿನಿಂದ ಮಣಿಕಟ್ಟಿಗೆ. ಕಿವಿಯ ಮೇಲಿನ ಪೆನ್ಸಿಲು ತೆಗೆದು, ಅಳತೆ ಪುಸ್ತಕದಲ್ಲಿ ಯಾರದೋ ಚಡ್ಡಿಯ ಅಳತೆಯ ಕೆಳಗೆ ನನ್ನದನ್ನೂ ಬರೆದುಕೊಂಡರು. ನನಗೆ ನಗು ತಡೆಯಲಾಗಲಿಲ್ಲ.

"ನಗಬ್ಯಾಡ ಬೇ," ಎಂದರು. "ಅಂಗಿ ಬಿಗಿ ಆದ್ರ ಬಿಚ್ಚಿ ಹೊಲಿಬಹುದು. ಗಿಟಾರ ಬಿಚ್ಚಿ ಹೊಲಿಯಾಕ ಬರಂಗಿಲ್ಲ."

ಶಾಲೆಗಳ ಯೂನಿಫಾರ್ಮ್ ಹೊಲಿಯುವುದು ಅವರ ಕಸುಬು. ಹೇಳಿದ ದಿನಕ್ಕೆ ಬಟ್ಟೆ ಕೊಟ್ಟ ದಾಖಲೆ ಇಲ್ಲ. "ನಾಳಿ ಬರ್ರಿ" ಎಂದು ಅವರು ನಗುನಗುತ್ತ ಹೇಳಿದರೆ ಜೂನ್ ತಿಂಗಳ ಬಟ್ಟೆ ಗಣಪತಿ ಹಬ್ಬಕ್ಕೆ ಕೈಗೆ ಬರುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು. ಹರೆಯದಲ್ಲಿ ಅವರು ಹುಬ್ಬಳ್ಳಿಯ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದರಂತೆ. ಮದುವೆ ಮನೆಗಳಿಗೆ ಡಿಜೆ ಬಂದು ಆರ್ಕೆಸ್ಟ್ರಾ ಮುಚ್ಚಿತು. ಅವರ ಗಿಟಾರ್ ಮಾತ್ರ ಅಂಗಡಿಯ ಗೋಡೆಯಲ್ಲಿ ನೀಲಿ ಸ್ಕರ್ಟುಗಳ ನಡುವೆ ತೂಗಾಡುತ್ತ ಉಳಿಯಿತು. ದನಿ ದೊಡ್ಡದು ಮಾಡುವ ಪೆಟ್ಟಿಗೆ ಇರಲಿಲ್ಲ. ಗಿಟಾರಿನ ತಲೆಯನ್ನು ಕತ್ತರಿಸುವ ಮೇಜಿಗೆ ಒತ್ತಿ ಹಿಡಿದು ದಪ್ಪ ತಂತಿ ಮೀಟಿದರೆ ಇಡೀ ಮೇಜೇ ಗುಂಯ್ ಎನ್ನುತ್ತಿತ್ತು, ಡಬ್ಬಿಯೊಳಗಿನ ಗುಂಡಿಗಳು ಸಣ್ಣಗೆ ಅದುರುತ್ತಿದ್ದವು.

ನಾನು ಮಿಶ್ರಿಕೋಟಿಯವಳು, ಕಲಘಟಗಿಯ ಶಾಲೆಯೊಂದರಲ್ಲಿ ಟೀಚರ್. ಯೂನಿಫಾರ್ಮ್ ತಡವಾಯಿತೆಂದು ಜಗಳ ಮಾಡಲು ಶಾಲೆಯವರು ನನ್ನನ್ನು ಕಳಿಸಿದ ದಿನ ಕಾಕಾ ಹೀಗೆ ಮೀಟುತ್ತ ಕುಳಿತಿದ್ದರು. ಮನೆಯಲ್ಲಿ ಸೋಮವಾರಕ್ಕೊಮ್ಮೆ ಭಜನೆ ಕೇಳಿಯೇ ಬೆಳೆದವಳು ನಾನು. ಹಾರ್ಮೋನಿಯಂ ಪೇಟಿಯ ದನಿ, ತಾಳದ ದನಿ ಎಲ್ಲ ಗೊತ್ತಿತ್ತು. ನೆಲದೊಳಗಿಂದ ಬಂದಂಥ ಈ ದನಿ ಮಾತ್ರ ಹೊಸದು. ಜಗಳ ಮರೆತು ಮೇಜಿಗೆ ಕಿವಿ ಹಚ್ಚಿ ನಿಂತೆ.

"ಮ್ಯಾಲಿನ ದನಿ ಎಲ್ಲಾರೂ ಕೇಳ್ತಾರ," ಎಂದರು ಕಾಕಾ. "ತಳದ ದನಿ ಕೇಳಾವ್ರು ಕಡಿಮಿ. ನೀ ಕೇಳಿದಿ. ನಾಳಿಂದ ಬಾ."

ಆ ಒಂದು 'ನಾಳೆ'ಗೆ ಮಾತ್ರ ಅವರು ತಪ್ಪಲಿಲ್ಲ. ನಾಲ್ಕು ತಿಂಗಳು, ಶಾಲೆ ಬಿಟ್ಟು ನನ್ನ ಬಸ್ಸು ಬರುವ ತನಕ, ತಮ್ಮ ಗಿಟಾರ್ ನನ್ನ ಕೈಗೆ ಕೊಟ್ಟು ಕಲಿಸಿದರು. ಅವರಿಗೆ ಅದುವರೆಗೆ ಯಾರೂ ಶಿಷ್ಯರಾಗಿರಲಿಲ್ಲ. ಹಾಗಾಗಿ ಕಿರಾಣಿ ಅಂಗಡಿಯವರು, ಬಸ್ಸಿನ ಕಂಡಕ್ಟರ್, ಪ್ಯಾಂಟಿಗಾಗಿ ಮೂರನೆಯ ಸಲ ಬಂದು ಸಿಟ್ಟಾಗಿ ಕುಳಿತವರು, ಎಲ್ಲರಿಗೂ ನನ್ನನ್ನು ತೋರಿಸಿ ಹೇಳುತ್ತಿದ್ದರು: "ಈಕಿ ನನ್ನ ಶಾಗಿರ್ದ ನೋಡ್ರಿ!" ಕೇಳಿ ನಾನು ಮುಖ ಆ ಕಡೆ ಮಾಡುತ್ತಿದ್ದೆ.

ಅಳತೆ ತೆಗೆದುಕೊಂಡ ದಿನ ಅವರು ಹೇಳಿದ್ದು ಇಷ್ಟು: "ಮೊದಲನೇ ಗಿಟಾರಕ್ಕ ನಾಕ ತಂತಿ ಸಾಕು. ಕುತ್ತಿಗಿ ಗಿಡ್ಡ ಇರಲಿ, ಮೈ ಹಗುರ ಇರಲಿ. ಬಣ್ಣ ಕಡೀಕ ನೋಡು. ನಿನ್ನ ಕೈ ಸಣ್ಣದೈತಿ, ಅದಕ್ಕ ತ್ರಾಸ ಕೊಡಬ್ಯಾಡ."

ಭಾನುವಾರ ಇಬ್ಬರೂ ಹುಬ್ಬಳ್ಳಿಗೆ ಹೋದೆವು. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಬ್ಬಕ್ಕೆ ಹಚ್ಚುವ ಅತ್ತರು ಹಚ್ಚಿಕೊಂಡಿದ್ದರು. ಗಾಜಿನ ಬಾಗಿಲಿನ, ತಣ್ಣನೆಯ ದೊಡ್ಡ ಅಂಗಡಿ. ಅವರು ಯಾವ ಸಂಕೋಚವೂ ಇಲ್ಲದೆ ಜೇಬಿನಿಂದ ಟೇಪು ತೆಗೆದು ಗಿಟಾರುಗಳ ಕುತ್ತಿಗೆ ಅಳೆಯತೊಡಗಿದರು. ಒಂದನ್ನು ತಬ್ಬಿ ಹಿಡಿದು ಅದರ ಕಟ್ಟಿಗೆಗೆ ಕಿವಿ ಹಚ್ಚಿದರು. ಅಂಗಡಿಯ ಹುಡುಗರಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಅವರಲ್ಲಿ ಕೂದಲು ಜುಟ್ಟು ಕಟ್ಟಿದವನು ನನ್ನ ಹತ್ತಿರ ಬಂದು ಕೇಳಿದ: "ಇವರು ನಿಮ್ಮ ಗುರುಗಳೇನ್ರಿ, ಮೇಡಮ್?"

"ಅಲ್ರೀ," ಎಂದೆ. "ನಮ್ಮೂರ ಟೇಲರ್. ಸುಮ್ಮ ಜೋಡಿ ಬಂದಾರ."

ಕಾಕಾ ಎರಡು ಮಾರು ದೂರದಲ್ಲಿದ್ದರು. ಎರಡು ಬೆರಳಿಗೆ ಟೇಪು ಸುತ್ತುತ್ತಿದ್ದರು. ಸುತ್ತಿ ಮುಗಿಸಿ, ಜೇಬಿಗಿಟ್ಟುಕೊಂಡು, ಬಾಗಿಲ ಹತ್ತಿರ ಹೋಗಿ ನಿಂತರು.

ಆಗಲೇ ಹೋಗಿ ಅವರ ಕೈ ಹಿಡಿದಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಜುಟ್ಟಿನವನು ಉದ್ದ ಕುತ್ತಿಗೆಯ, ಐದು ತಂತಿಯ, ಕೆಂಪಗೆ ಮಿಂಚುವ ಗಿಟಾರೊಂದನ್ನು ನನ್ನ ಕೊರಳಿಗೆ ತೂಗು ಹಾಕಿದ. "ಐದ ತಂತೀದ ತಗೋರಿ, ಮುಂದ ಬದ್ಲಿ ಮಾಡೂ ಕೆಲಸ ಬರಂಗಿಲ್ಲ," ಎಂದ. ಕನ್ನಡಿಯಲ್ಲಿ ಅಗದಿ ಚೆಂದ ಕಂಡೆ. ಕಾಕಾನ ಕಡೆ ತಿರುಗಿ, ಹೆಂಗೈತಿ ಎಂದು ಕೇಳಿದೆ.

"ಚೊಲೊ ಐತ್ರೀ," ಎಂದರು. "ನಿಮಗ ಹಿಡಿಸಿದ್ರ ತಗೋರಿ."

ಅಂಗಡಿಗೆ ಬಂದ ಗಿರಾಕಿಗಳ ಹತ್ತಿರ ಅವರು ಮಾತನಾಡುತ್ತಿದ್ದುದೇ ಹೀಗೆ. ಬಸ್ಸಿನಲ್ಲಿ ಆ ಭಾರವಾದ ಗಿಟಾರನ್ನು ಕಲಘಟಗಿಯವರೆಗೆ ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಬಂದವರೂ ಅವರೇ. ದಾರಿಯುದ್ದಕ್ಕೂ ಮಳೆ, ಬೆಳೆ, ಮಗಳ ಊರು ಅಲ್ನಾವರ, ಎಲ್ಲದರ ಸುದ್ದಿ ಹೇಳಿದರು. ಗಿಟಾರಿನ ಸುದ್ದಿ ಎತ್ತಲಿಲ್ಲ.

ಮೂರು ವಾರದಲ್ಲಿ ನನ್ನ ಹೆಗಲು ಹಿಡಿದುಕೊಂಡಿತು. ಕುತ್ತಿಗೆಯ ಮೇಲಿನ ಮೊದಲನೆಯ ಮನೆಯಲ್ಲಿ ತೋರುಬೆರಳಿಟ್ಟರೆ ಕಿರುಬೆರಳು ನಾಲ್ಕನೆಯ ಮನೆಗೆ ಎಟುಕಲೇ ಇಲ್ಲ. ಕಾಕಾ ಉಳಿದ ನೀಲಿ ಯೂನಿಫಾರ್ಮ್ ಬಟ್ಟೆಯನ್ನು ನಾಲ್ಕು ಮಡಿಕೆ ಹಾಕಿ ಗಿಟಾರ್ ಹೆಗಲಿಗೆ ಹಾಕಿಕೊಳ್ಳಲು ಅಗಲವಾದ ಪಟ್ಟಿ ಹೊಲಿದು ಕೊಟ್ಟರು. "ಭಾರ ಹಂಚಿ ಹೋಗತೈತ್ರಿ," ಎಂದರು. ಹೇಳಿದ ದಿನವೇ ಹೊಲಿದು ಇಟ್ಟಿದ್ದರು. ನನ್ನ ಆ ಮಾತಿನ ನಂತರವೂ ಇಷ್ಟು ಮಾಡಿದ್ದು ನನಗೆ ಹೆಚ್ಚು ಚುಚ್ಚಿತು. ಕಲಿಸುವುದಿಲ್ಲ ಎಂದು ಅವರು ಯಾವತ್ತೂ ಅನ್ನಲಿಲ್ಲ. ಆದರೆ ನನ್ನನ್ನು ಯಾರಿಗೂ ತೋರಿಸಿ 'ನನ್ನ ಶಾಗಿರ್ದ' ಎನ್ನುವ ಆ ಹಳೆಯ ಮಾತು ಹೇಳಲಿಲ್ಲ. ನಾನು ಮುಖ ಆ ಕಡೆ ಮಾಡುವ ಪ್ರಸಂಗವೇ ಬರಲಿಲ್ಲ. ಮುಜುಗರವಾಗಿ, ಮೊದಲು ದಿನ ಬಿಟ್ಟು ದಿನ ಹೋದೆ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಬಿಟ್ಟೆ. ಕೆಂಪು ಗಿಟಾರ್ ಕಪಾಟಿನ ಹಿಂದೆ ಸೇರಿತು.

ಐದು ವರ್ಷದ ನಂತರ ಕಾಕಾ ಕಣ್ಣು ಮಂಜಾಗಿ, ಸೂಜಿಗೆ ದಾರ ಪೋಣಿಸಲಾಗದೆ, ಅಂಗಡಿ ಮುಚ್ಚಿ ಅಲ್ನಾವರದ ಮಗಳ ಮನೆಗೆ ಹೋದರು ಎಂದು ಕೇಳಿದೆ. ಆ ತಿಂಗಳೇ ನಾನೊಬ್ಬಳೇ ಹುಬ್ಬಳ್ಳಿಗೆ ಹೋಗಿ, ಅಂಗಡಿಯವರ ಎದುರಿಗೇ ಟೇಪು ಹಿಡಿದು ಅಳೆದು, ನಾಲ್ಕು ತಂತಿಯ, ಗಿಡ್ಡ ಕುತ್ತಿಗೆಯ ಗಿಟಾರ್ ತಂದೆ. ಯಾರೋ ನಕ್ಕರು, ನಗಲಿ ಎಂದು ಬಿಟ್ಟೆ. ಅದಕ್ಕೆ ಆ ನೀಲಿ ಪಟ್ಟಿ ಕಟ್ಟಿಕೊಂಡು ಅಲ್ನಾವರದ ಬಸ್ಸು ಹತ್ತಿದೆ. 'ಕಾಕಾ, ಅವತ್ತ ಅಂಗಡ್ಯಾಗ ನಾ ಸುಳ್ಳ ಹೇಳಿದೆ' ಎನ್ನುವ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ.

ಪಡಸಾಲೆಯಲ್ಲಿ ಕುಳಿತಿದ್ದರು. ದನಿ ಕೇಳಿಯೇ ಗುರುತು ಹಿಡಿದು, "ಬರ್ರಿ ಬರ್ರಿ," ಎಂದರು. ಗಿಟಾರ್ ಕೈಗೆ ಕೊಟ್ಟೆ. ಪಟ್ಟಿಯ ಹೊಲಿಗೆಯನ್ನು ಹೆಬ್ಬೆರಳಿನಿಂದ ಸವರಿದರು. ಕುತ್ತಿಗೆಯನ್ನು ಗೇಣಿನಿಂದ ಅಳೆದರು. ಅದರ ತಲೆಯನ್ನು ಎದುರಿನ ಮೇಜಿಗೆ ಹಚ್ಚಿ ದಪ್ಪ ತಂತಿ ಮೀಟಿದಾಗ ಮೇಜಿನ ಮೇಲಿದ್ದ ಖಾಲಿ ಕಪ್ಪುಬಸಿ ಸಣ್ಣಗೆ ಗಲಗುಟ್ಟಿದವು.

"ಅಳತಿ ಬರೋಬ್ಬರಿ ಐತ್ರೀ," ಎಂದರು. ಮುಖ ಅರಳಿತ್ತು.

ಚಹಾ ತಂದ ಮಗಳು, ಇವರು ಯಾರು ಎಂದು ಉರ್ದುವಿನಲ್ಲಿ ಕೇಳಿದಳು. ನನಗೂ ತಿಳಿಯಲಿ ಎಂದೋ ಏನೋ, ಕಾಕಾ ಕನ್ನಡದಲ್ಲೇ ಉತ್ತರ ಕೊಟ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ.

"ಕಲಘಟಗಿ ಟೀಚರ್ರು. ನಮ್ಮ ಹಳೇ ಗಿರಾಕಿ."

ಮರುವರ್ಷ ಅವರು ತೀರಿಕೊಂಡರು. ಅದೇ ಕೊನೆಯ ಭೇಟಿ. ಹುಬ್ಬಳ್ಳಿಯಲ್ಲಿ ಅಷ್ಟು ಸಲೀಸಾಗಿ ಬಾಯಿಗೆ ಬಂದಿದ್ದ 'ಅಲ್ರೀ' ಅವತ್ತು ಅಲ್ನಾವರದಲ್ಲಿ ಬರಲಿಲ್ಲ, ಬಸ್ಸಿನಲ್ಲಿ ಬಾಯಿಪಾಠ ಮಾಡಿದ ಮಾತೂ ಬರಲಿಲ್ಲ. ತಲೆ ತಗ್ಗಿಸಿ ಚಹಾ ಕುಡಿದೆ.