ಒಂದು ಸಾಲಿನ ಗೋಳು

ಅವನ ನಿಜವಾದ ಹೆಸರು ನಮ್ಮ ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ರೇಡಿಯೊ ಎಂದರೆ ಸಾಕು, ಎಲ್ಲರೂ ಕೈ ತೋರಿಸುತ್ತಾರೆ. ಹೆಂಡತಿಯ ಗುಂಡಿ-ದಾರದ ಅಂಗಡಿಯ ಹಿಂಭಾಗದಲ್ಲಿ ಒಂದು ಮೇಜು ಹಾಕಿಕೊಂಡು ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ಮನೆ ನಡೆಯುತ್ತಿದ್ದದ್ದು ಗುಂಡಿಯಿಂದ. ರಿಪೇರಿಯಿಂದ ನಡೆಯುತ್ತಿದ್ದದ್ದು ಅವನ ಬಾಯಿ ಮಾತ್ರ.

ಹೆಂಡತಿಯನ್ನು ಬೀದಿಯೆಲ್ಲ ಅಕ್ಕ ಎನ್ನುತ್ತದೆ. ಗಂಡ ಮಾತು ಶುರು ಮಾಡಿದರೆ ಅಕ್ಕ ಗಿರಾಕಿಯ ಪೊಟ್ಟಣ ಕಟ್ಟುತ್ತಲೇ, "ಇದು ಕಟ್ಟಿ ಮುಗಿಯೋದ್ರೊಳಗೆ ಹೇಳಿ ಮುಗಿಸ್ರೀ" ಎನ್ನುವಳು. ಅಷ್ಟರಲ್ಲಿ ಎಷ್ಟು ಅಕ್ಷರ ಹಿಡಿಯುತ್ತದೋ ಅದನ್ನೇ ಮಿತಿ ಮಾಡಿ ಅವನೊಂದು ಜಾಲತಾಣ ಕಟ್ಟಿದ. ಹೆಸರು 'ಗುಟುಕು'. ತೆರೆದರೆ ಒಂದೇ ಪ್ರಶ್ನೆ: 'ಈಗ ಏನು ಸಮಾಚಾರ?' ಉತ್ತರ ಬರೆದು ಬಿಟ್ಟರೆ ನಿಮ್ಮ ಹಿಂಬಾಲಕರೆಲ್ಲ ಓದುತ್ತಾರೆ. ಮನೆಯಲ್ಲಿರುವ ಒಬ್ಬಳೂ ಮಾತು ಕೇಳದವನಿಗೆ ಇದಕ್ಕಿಂತ ಒಳ್ಳೆಯ ಔಷಧ ಇಲ್ಲ.

ಮೊದಲು ಸೇರಿದವರು ನಾವೇ, ಬೀದಿಯ ಅಂಗಡಿಯವರು. ಈಗ ಒಂದು ವಿಷಯ ಹೇಳಬೇಕು. ಇಲ್ಲಿನ ಅಂಗಡಿಗಳೆಲ್ಲ ಒಬ್ಬನೇ ಮಾಲೀಕನವು. ವ್ಯಾಪಾರ ಚೆನ್ನಾಗಿದೆ ಎಂದು ಅವನ ಕಿವಿಗೆ ಬಿದ್ದರೆ ಮರುದಿನವೇ ಬಾಡಿಗೆ ಏರುತ್ತದೆ. ಆದ್ದರಿಂದ ಯಾರು ಸಮಾಚಾರ ಕೇಳಿದರೂ ಗೋಳಾಡುವುದು ನಮ್ಮ ಕಸುಬಿನ ಮೊದಲ ಪಾಠ. ಹಾಸಿಗೆ ಅಂಗಡಿಯವನು ಒಂದು ಕೈಯಲ್ಲಿ ಗಿರಾಕಿಗೆ ದಿಂಬು ಕೊಡುತ್ತಾ ಇನ್ನೊಂದು ಕೈಯಲ್ಲಿ ಬರೆದ: 'ನೊಣ ಹೊಡೀತಾ ಇದೀನಿ.' ಬೀಗದ ಅಂಗಡಿಯವನು: 'ಬೋಣಿಯೇ ಆಗಿಲ್ಲ.' ಮಾಲೀಕನೂ ಸೇರಿದ್ದು ಗೊತ್ತಾದ ಮೇಲಂತೂ ಗೋಳಿಗೆ ಮೇರೆಯೇ ಇಲ್ಲ.

ಗೋಳು ಓದುವುದಕ್ಕೆ ಜನರಿಗೆ ಬಲು ಇಷ್ಟ. ಪಕ್ಕದ ಬೀದಿ ಬಂತು, ಆಮೇಲೆ ಊರೇ ಬಂತು. ದಾರಿಯಲ್ಲಿ ಸಿಕ್ಕವರು ಆರೋಗ್ಯ ವಿಚಾರಿಸುವುದು ಬಿಟ್ಟು "ನಿಂಗೆಷ್ಟು ಜನ ಹಿಂಬಾಲಕರು?" ಎಂದು ಕೇಳತೊಡಗಿದರು. ಎಲ್ಲರಿಗಿಂತ ಹೆಚ್ಚು ಇದ್ದದ್ದು ರೇಡಿಯೊಗೆ. ಅವನು ಈಗ ನಡೆಯುವಾಗಲೂ ಆಗಾಗ ಹಿಂದಕ್ಕೆ ತಿರುಗಿ ನೋಡುತ್ತಿದ್ದ.

ಆದರೆ ಊರು ನಮ್ಮನ್ನು ನಂಬಿಬಿಟ್ಟಿತು. ಇಷ್ಟು ವರ್ಷ ಗೋಳಾಡಿದರೂ ಯಾರೂ ನಂಬಿದವರಲ್ಲ. ಅಚ್ಚಾದ ಅಕ್ಷರದಲ್ಲಿ ಕಂಡದ್ದೇ ತಡ, ನಂಬಿದರು. ಗಿರಾಕಿಗಳು ಕರಗುತ್ತಾ ಬಂದರು. ಕೊನೆಗೆ ಅಕ್ಕನ ದೊಡ್ಡ ಗಿರಾಕಿ, ಸಮವಸ್ತ್ರದ ಕಾರ್ಖಾನೆಯ ಮೇಸ್ತ್ರಿ, ಬಾಗಿಲಲ್ಲೇ ನಿಂತು ಹೇಳಿದ: "ಬೀದಿನೇ ಮುಚ್ಚೋ ಹಾಗಿದೆಯಂತಲ್ಲಕ್ಕಾ. ಅರ್ಧ ಕೆಲಸದಲ್ಲಿ ಗುಂಡಿ ಸಾಲದೆ ಬಂದ್ರೆ ಯಾರನ್ನ ಹುಡುಕ್ಲಿ? ಈ ಸಲ ಬೇರೆ ಕಡೆ ನೋಡ್ಕೋತೀನಿ."

ಅವನು ಹೋದ ಮೇಲೆ ಅಕ್ಕ ಗಂಡನ ಕಡೆ ತಿರುಗಿದಳು. "ಈ ಆರ್ಡರ್ ಹೋದ್ರೆ ಅಂಗಡಿಗೆ ಬೀಗ. ಏನ್ ಮಾಡ್ತೀರೋ ಮಾಡಿ."

ರೇಡಿಯೊ ನಮ್ಮನ್ನೆಲ್ಲ ಸೇರಿಸಿ ಅಂಗಲಾಚಿದ. "ಒಂದು ಸಲ ನಿಜ ಬರೀರಪ್ಪಾ."

"ನೀನೇ ಬರಿ," ಎಂದ ಹಾಸಿಗೆಯವನು. "ಬಾಡಿಗೆ ಏರಿದ್ರೆ ನಿನ್ನ ಹಿಂಬಾಲಕರು ಕಟ್ತಾರಾ?"

"ನಾನು ಬರೆದ್ರೆ ನೀವೆಲ್ಲ ನನ್ನನ್ನ ಬಿಟ್ಟು ಹೋಗ್ತೀರಿ," ಎಂದ ರೇಡಿಯೊ. ಅಂಗಡಿ ಮುಳುಗುವಾಗಲೂ ಮನುಷ್ಯನ ಚಿಂತೆ ನೋಡಿ.

ಅಕ್ಕ ಅವನ ಕೈಯಿಂದ ಫೋನ್ ಕಿತ್ತುಕೊಂಡು ಅವನ ಹೆಸರಿನಲ್ಲೇ ಬರೆದಳು: 'ಗುಂಡಿ ಅಂಗಡಿ ಗಟ್ಟಿಯಾಗಿದೆ. ಹಾಸಿಗೆಯವನು ಹೊಸ ಗೋದಾಮು ಹಿಡಿದಿದ್ದಾನೆ. ಬೀಗದವನು ಮನೆಗೆ ಎರಡನೇ ಮಹಡಿ ಕಟ್ಟಿಸುತ್ತಿದ್ದಾನೆ. ನೊಣ ಹೊಡೆಯುವವರು ಇಲ್ಲಿ ಯಾರೂ ಇಲ್ಲ.'

ಗುಟುಕಿನಲ್ಲಿ ಅಷ್ಟು ಓಡಿದ ಸಾಲು ಹಿಂದೆಯೂ ಇರಲಿಲ್ಲ, ಆಮೇಲೂ ಬರಲಿಲ್ಲ. ಜನ ನೋಡಲೆಂದೇ ಬಂದರು, ಬಂದವರು ಬರಿಗೈಯಲ್ಲಿ ಹೋಗಲಿಲ್ಲ. ಮೇಸ್ತ್ರಿಯೂ ಬಂದ. ಅವನ ಹಿಂದೆಯೇ ಮಾಲೀಕನೂ ನಗುನಗುತ್ತಾ ಬಂದು, ಎಲ್ಲರ ಬಾಡಿಗೆ ಏರಿಸಿ ಹೋದ. ಬೀದಿಯ ಒಬ್ಬೊಬ್ಬನೂ ರೇಡಿಯೊನನ್ನು ಹಿಂಬಾಲಿಸುವುದು ಬಿಟ್ಟ. ಹಾಸಿಗೆಯವನಂತೂ ಎದುರು ಸಿಕ್ಕರೂ ಮುಖ ತಿರುಗಿಸುತ್ತಿದ್ದ.

"ಫೋನ್ ಕೊಡೇ," ಎಂದು ರೇಡಿಯೊ ಗೋಗರೆದ. "ಎಷ್ಟು ಜನ ಉಳಿದಿದ್ದಾರೋ ನೋಡ್ತೀನಿ."

ಹೊರಗೆ ಕಾರ್ಖಾನೆಯ ಗಾಡಿ ಕಾಯುತ್ತಿತ್ತು.

"ಮೊದ್ಲು ಈ ಮೂಟೆಗೆ ಒಂದು ಕೈ ಹಾಕಿ," ಎಂದಳು ಅಕ್ಕ.

ಅವನು ಬಾಯಿ ಮುಚ್ಚಿಕೊಂಡು ಹೊತ್ತ.