ಜೂನ್ ಒಂದರಂದು ಹುಟ್ಟಿದವರು

ನಮ್ಮ ಶಾಲೆಯ ಅಕ್ಕೋರ ಬಲಗಾಲಿನ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಹುಡುಗಿಯಾಗಿದ್ದಾಗ ಬರಿಗಾಲಲ್ಲಿ ಚೆಂಡು ಒದೆಯಲು ಹೋಗಿ ಕಲ್ಲು ಒದ್ದಿದ್ದರಂತೆ. ಉಗುರು ಇರಬೇಕಾದ ಜಾಗದಲ್ಲಿ ಚರ್ಮ ಒಣಗಿದ ಹುಣಸೆ ಸಿಪ್ಪೆಯಂತೆ ಗಟ್ಟಿಯಾಗಿತ್ತು. "ಹೆಣ್ಣಮಕ್ಕಳಿಗೆ ಯಾಕ ಬೇಕ್ರಿ ಈ ಫುಟ್‌ಬಾಲ್?" ಎಂದು ಯಾವ ತಂದೆಯಾದರೂ ಕೇಳಿದರೆ ಸಾಕು, ಅಲ್ಲೇ ಕಟ್ಟೆಯ ಮೇಲೆ ಕೂತು ಬೂಟು ಬಿಚ್ಚಿ, ಸಾಕ್ಸು ಕಿತ್ತು, ಆ ಬೆರಳನ್ನು ಅವನ ಮುಂದೆ ಚಾಚುತ್ತಿದ್ದರು. "ಇದನ್ನ ಕೊಟ್ಟು ಕಲ್ತೇನ್ರಿ ನಾ. ನಿಮ್ಮ ಮಗಳ ಕಡಿಂದ ದಿನಕ್ಕ ಒಂದ ತಾಸು ಕೇಳಾಕತ್ತೇನಿ, ಅಷ್ಟ." ಬಂದವನು ಮುಖ ಆಚೆ ತಿರುಗಿಸಿ "ಆತು ಬಿಡ್ರಿ ಅಕ್ಕೋರ" ಎಂದುಬಿಡುತ್ತಿದ್ದ.

ಬ್ಯಾಡಗಿಯ ನಮ್ಮ ಶಾಲೆಯಲ್ಲಿ ಒಂದನೇ ತರಗತಿಗೂ ಅವರೇ, ಆಟಕ್ಕೂ ಅವರೇ. ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕೊರಳಲ್ಲಿ ತಾಳಿಯ ಜೊತೆ ಸೀಟಿಯನ್ನೂ ಹಾಕಿಕೊಂಡು ಬರುತ್ತಿದ್ದರು. ಶಾಲೆಗೆ ಮೈದಾನವಿರಲಿಲ್ಲ. ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಬಯಲಿನಲ್ಲಿ ನಮ್ಮ ಆಟ. ಸುಗ್ಗಿ ಶುರುವಾದರೆ ಆ ಬಯಲಿನಲ್ಲೂ ಕಾಯಿ ಹರವುತ್ತಿದ್ದರು. ಕೆಂಪು ರಾಶಿಗಳ ನಡುವೆ ಉಳಿದ ಓಣಿಯಂಥ ಜಾಗದಲ್ಲಿ ನಾವು ಚೆಂಡು ಆಡಬೇಕು. ನಾನು ಗೋಲ್‌ಕೀಪರ್. ಎರಡು ಕಲ್ಲಿಟ್ಟು, ಅಕ್ಕೋರು ಬೇಕೆಂದೇ ಒಂದು ರಾಶಿಯ ಮುಂದೆ ನನ್ನನ್ನು ನಿಲ್ಲಿಸುತ್ತಿದ್ದರು. ಚೆಂಡು ತಪ್ಪಿ ರಾಶಿಗೆ ಬಿದ್ದರೆ ಹಮಾಲರು ಬಾಯಿಗೆ ಬಂದಂತೆ ಬೈದು ಚೆಂಡನ್ನೇ ಒಯ್ದು ಅಂಗಡಿಯೊಳಗೆ ಇಟ್ಟುಬಿಡುತ್ತಿದ್ದರು. ಅಲ್ಲಿಗೆ ಆ ದಿನದ ಆಟ ಮುಗಿಯಿತು. ಹಾಗಾಗಿ ಬಿದ್ದಾದರೂ ಸರಿ, ಹಲ್ಲು ಮುರಿದಾದರೂ ಸರಿ, ಚೆಂಡು ಹಿಡಿಯಲೇಬೇಕಿತ್ತು. ನಾನು ಹಿಂಜರಿದರೆ ಅಕ್ಕೋರು ಕೂಗುತ್ತಿದ್ದರು, "ನೆಲಕ್ಕ ಬೀಳಾಕ ಅಷ್ಟ್ಯಾಕ ನಾಚತಿ? ನೆಲ ಏನ್ ನಿನ್ನ ಮಾವನೇನ?"

ನಮ್ಮವ್ವ ಅದೇ ಮಾರುಕಟ್ಟೆಯಲ್ಲಿ ಕಾಯಿಯ ತೊಟ್ಟು ಬಿಡಿಸುವ ಕೆಲಸದವಳು. ನನ್ನನ್ನು ಶಾಲೆಗೆ ಸೇರಿಸಲು ಬಂದ ದಿನದ ಮಾತನ್ನು ಅವಳೇ ನನಗೆ ಎಷ್ಟೋ ಸಲ ಹೇಳಿದ್ದಾಳೆ.

"ಯಾವಾಗ ಹುಟ್ಟ್ಯಾಳ ಇಕಿ?" ಎಂದು ಅಕ್ಕೋರು ಕೇಳಿದರಂತೆ.

"ಸಂಕ್ರಮಣದ ಮರುದಿನರಿ. ಕಾಗಿನೆಲಿ ಹತ್ರ ನಮ್ಮ ತೌರಮನ್ಯಾಗ."

"ಹಂಗಾದ್ರ ವಯಸ್ಸು ಸಾಲೂದಿಲ್ಲ ನೋಡವಾ. ಇನ್ನೊಂದ ವರ್ಷ ಕಾಯಬೇಕು."

"ಹೆಂಗ ಕಾಯಲ್ರಿ ಅಕ್ಕೋರ? ಮನ್ಯಾಗ ನೋಡ್ಕೊಳ್ಳಾಕ ಯಾರೂ ಇಲ್ಲ. ಕೆಲಸಕ್ಕ ಕರ್ಕೊಂಡ ಹೋದ್ರ ಘಾಟಿಗೆ ಕೆಮ್ಮಿ ಕೆಮ್ಮಿ ಉಸರು ಕಟ್ಟತಾಳ."

ಅಕ್ಕೋರು ನನ್ನನ್ನೊಮ್ಮೆ ನೋಡಿ, ಪೆನ್ನು ತೆಗೆದು, ಹುಟ್ಟಿದ ದಿನ ಎಂಬಲ್ಲಿ ಹಿಂದಿನ ವರ್ಷದ ಜೂನ್ ಒಂದು ಎಂದು ಬರೆದರು. ಏಳೂವರೆ ತಿಂಗಳು ಒಂದೇ ಗೆರೆಯಲ್ಲಿ ದೊಡ್ಡವಳಾದೆ. ಇದರಲ್ಲಿ ಅಂಥ ವಿಶೇಷವೇನಿಲ್ಲ. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸಿನ ಲೆಕ್ಕ ಸರಿಹೋಗಲಿ ಎಂದು ನಮ್ಮ ಕಡೆಯ ಮಾಸ್ತರರು ತಲೆಮಾರುಗಳಿಂದ ಮಕ್ಕಳನ್ನೆಲ್ಲ ಜೂನ್ ಒಂದರಂದೇ ಹುಟ್ಟಿಸುತ್ತ ಬಂದಿದ್ದಾರೆ. ನಮ್ಮ ತರಗತಿಯಲ್ಲಿ ಅರ್ಧಕ್ಕರ್ಧ ಜನ ಆ ದಿನ ಹುಟ್ಟಿದವರು.

ನಾನು ಎಂಟನೆಯ ತರಗತಿಯಲ್ಲಿದ್ದಾಗ ಹೊರದೇಶದಲ್ಲಿ ನಡೆಯುವ ಕಿರಿಯರ ಅಂತಾರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಗೆ ನಮ್ಮ ಜಿಲ್ಲೆಯ ಹುಡುಗಿಯರ ತಂಡ ಹೋಗುವುದಿತ್ತು. ನಿಯಮ ಕಟ್ಟುನಿಟ್ಟು: ಇಂಥ ವರ್ಷದ ಜನವರಿ ಒಂದರ ನಂತರ ಹುಟ್ಟಿದವರು ಮಾತ್ರ. ಅವ್ವ ಹೆತ್ತ ದಿನದ ಪ್ರಕಾರ ನಾನು ಹದಿನೈದು ದಿನದ ಅಂತರದಲ್ಲಿ ಒಳಗೆ. ಅಕ್ಕೋರು ಬರೆದ ದಿನದ ಪ್ರಕಾರ ಏಳು ತಿಂಗಳು ಹೊರಗೆ. ಅಕ್ಕೋರು ರಜೆ ಹಾಕಿ, ನನ್ನನ್ನೂ ಅವ್ವನನ್ನೂ ಹೆರಿಗೆ ಮಾಡಿಸಿದ ಮುದುಕಿಯನ್ನೂ ಕಟ್ಟಿಕೊಂಡು ಹಾವೇರಿಯ ಕೋರ್ಟಿಗೆ ಅಲೆದರು. ಕೊನೆಗೂ ಖರೇ ತಾರೀಖಿನ ಜನನ ಪತ್ರ ಕೈಗೆ ಬಂತು. ಹಾವೇರಿ ಮೈದಾನದಲ್ಲಿ ಆಯ್ಕೆ ನಡೆದಾಗ ನಾನು ಮೂರು ಪೆನಾಲ್ಟಿ ಹಿಡಿದೆ. ಪಟ್ಟಿಯಲ್ಲಿ ನನ್ನ ಹೆಸರು ಬಂತು. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಪಾಸ್‌ಪೋರ್ಟಿಗೆ ಫೋಟೋ ತೆಗೆಸುವಾಗ ನಗಬೇಡ ಎಂದರೂ ನನಗೆ ನಗು ತಡೆಯಲಾಗಲಿಲ್ಲ.

ಇಲ್ಲಿ ಬರುತ್ತಾರೆ ಕಾರ್ಯದರ್ಶಿಗಳು. ಜಿಲ್ಲೆಯ ಫುಟ್‌ಬಾಲ್ ಸಮಿತಿಯನ್ನು ಕಿಸೆಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದ ರಾಣೆಬೆನ್ನೂರಿನ ಬೀಜದ ವ್ಯಾಪಾರಿ. ಅವರ ಹೆಸರು ಬರೆಯಲು ಈಗಲೂ ಕೈ ತುರಿಸುತ್ತದೆ. ಬರೆದರೆ ಹೆಸರು ಉಳಿಯುತ್ತದೆ, ಆ ಕಾರಣಕ್ಕೇ ಬರೆಯುವುದಿಲ್ಲ. ಅವರ ತಮ್ಮನ ಮಗಳೂ ಗೋಲ್‌ಕೀಪರ್, ಆಯ್ಕೆಯಲ್ಲಿ ನನ್ನ ನಂತರದ ಸ್ಥಾನದಲ್ಲಿದ್ದಳು. ಕಾರ್ಯದರ್ಶಿಗಳು ನಮ್ಮ ಶಾಲೆಯ ದಾಖಲೆಯ ನಕಲು ಎಲ್ಲಿಂದಲೋ ತರಿಸಿ, ಎರಡು ಕಾಗದದಲ್ಲಿ ಎರಡು ತಾರೀಖು, ಇದು ಮೋಸ ಎಂದು ಸಭೆ ಕರೆದರು.

ಆ ಸಭೆಗೆ ನಾನೂ ಹೋಗಿದ್ದೆ. ಅಕ್ಕೋರು ಎದ್ದು ನಿಂತರು. ಜೀವನದಲ್ಲಿ ಮೊದಲ ಸಲ ಅವರ ದನಿ ಸಣ್ಣದಾಗಿದ್ದನ್ನು ಕೇಳಿದೆ.

"ಶಾಲಿ ತಾರೀಖು ನಾನ ಬರ್ದದ್ದರಿ. ಅದು ಸುಳ್ಳು. ಕೋರ್ಟಿಂದು ಖರೇ. ತಪ್ಪು ನಂದು, ಶಿಕ್ಷಾ ನಂಗ ಕೊಡ್ರಿ. ಹುಡುಗಿ ಏನ್ ಮಾಡ್ಯಾಳ?"

"ಬರದ ಕೊಡ್ರಿ ಹಂಗಂತ," ಎಂದರು ಕಾರ್ಯದರ್ಶಿಗಳು. ಅಕ್ಕೋರು ನಂಬಿ ಬರೆದುಕೊಟ್ಟರು. ಅದನ್ನು ಮಡಚಿ ಕಿಸೆಗಿಟ್ಟುಕೊಂಡು ಆತ ಅಂದದ್ದು ಹೀಗೆ: "ಒಮ್ಮೆ ಸುಳ್ಳು ಬರ್ದಾಕಿ ಮಾತು ನಾವ್ ಹೆಂಗ ನಂಬೂದು?"

"ಎಲುಬಿನ ಫೋಟೋ ತಗಸ್ರಿ, ವಯಸ್ಸು ಗೊತ್ತಾಗ್ತೈತಿ. ನಾ ಕೈ ಮುಗೀತೇನಿ."

"ಲಿಸ್ಟ್ ಸೋಮವಾರ ಹೋಗ್ಬೇಕ್ರಿ ಅಕ್ಕೋರ. ಟೈಮ್ ಎಲ್ಲೈತಿ?"

ನನ್ನ ಹೆಸರಿನ ಮೇಲೆ ಕೆಂಪು ಗೆರೆ ಎಳೆದು ಅದರ ಪಕ್ಕದಲ್ಲೇ ತಮ್ಮನ ಮಗಳ ಹೆಸರು ಬರೆದರು. ಅವಳು ವಿಮಾನ ಹತ್ತಿದಳು. ಒಂದು ಪಂದ್ಯದಲ್ಲೂ ಆಡಿಸಲಿಲ್ಲವಂತೆ, ಬೆಂಚಿನ ಮೇಲೆ ಕೂತು ವಾಪಸು ಬಂದಳು. ರಾಣೆಬೆನ್ನೂರಿನಲ್ಲಿ ಬಸ್ಸಿನಷ್ಟು ಉದ್ದದ ಬ್ಯಾನರ್ ಕಟ್ಟಿದ್ದರು. ಅಕ್ಕೋರು ಬರೆದುಕೊಟ್ಟ ಕಾಗದ ಇಲಾಖೆಗೆ ಹೋಯಿತು. ಅವರಿಗೆ ಕಾಗಿನೆಲೆಯ ಆಚೆಯ ಹಳ್ಳಿಯೊಂದಕ್ಕೆ ವರ್ಗವಾಯಿತು.

ಆ ಸಭೆಯಿಂದ ಬಸ್ಸಿನಲ್ಲಿ ಬರುವಾಗ ನಾನು ಅತ್ತು ಅತ್ತು, "ಅವನ ಕಾರಿನ ಗಾಜು ಒಡದ ಹಾಕ್ತೇನಿ" ಎಂದೆ. ಬೇರೆ ಯಾವ ಶಿಕ್ಷಕಿಯಾದರೂ ಹಾಗೆಲ್ಲ ಅನ್ನಬಾರದು ಎನ್ನುತ್ತಿದ್ದರು. ಅಕ್ಕೋರು ಸ್ವಲ್ಪ ಯೋಚಿಸಿ ಹೇಳಿದರು, "ಗಾಜು ಒಡದ್ರ ಅಂವಾ ಹೊಸಾದು ಹಾಕಿಸ್ತಾನ. ತಿರುಗಿ ಹಾಕ್ಸಾಕ ಬರಲಾರದ್ದನ್ನ ಒಡೀಬೇಕು."

"ಅದೇನ್ರಿ?"

"ನಂಗೂ ಗೊತ್ತಿಲ್ಲ. ಹುಡುಕೂಣು. ಈಗ ಮೂಗು ಒರಸ್ಕೋ."

ಅವರು ಹುಡುಕುತ್ತಲೇ ಇದ್ದರು. ನಮ್ಮ ಹೆಡ್‌ಮಾಸ್ತರರು "ದೇವರು ನೋಡ್ಕೋತಾನ ಬಿಡ್ರಿ" ಎಂದರೆ, "ದೇವ್ರಿಗೆ ರಗಡ ಕೆಲಸ ಅದಾವ್ರಿ, ಇದು ನನ್ನ ಕೆಲಸ" ಎನ್ನುತ್ತಿದ್ದರು. ಸಮಿತಿಯ ಚುನಾವಣೆಗೆ ಅಂಟಿಸಿದ್ದ ಪತ್ರದಲ್ಲಿ ಕಾರ್ಯದರ್ಶಿಗಳ ಹುಟ್ಟಿದ ದಿನವನ್ನು ಒಮ್ಮೆ ಓದಿ, ಗೋಡೆ ಹಿಡಿದುಕೊಂಡು ನಕ್ಕರು. ಆತನೂ ಜೂನ್ ಒಂದು! ಆ ವರ್ಷದಿಂದ ತಪ್ಪದೆ ಪ್ರತಿ ಜೂನ್ ಒಂದಕ್ಕೆ ರಾಣೆಬೆನ್ನೂರಿನ ಅಂಗಡಿಗೆ ಒಂದು ಡಬ್ಬಿ ಪೇಡೆ ಹೋಗುತ್ತಿತ್ತು. ಒಳಗೆ ಚೀಟಿ: "ಜನ್ಮದಿನದ ಶುಭಾಶಯಗಳು. ಖರೇ ದಿನ ಯಾವುದಂತ ನಿಮ್ಮ ತಾಯಿಯವರನ್ನ ಕೇಳ್ರಿ." ಮೊದಲ ವರ್ಷ ಅಂಗಡಿಯವರೆಲ್ಲ ತಿಂದರಂತೆ. ಆಮೇಲೆ ಡಬ್ಬಿ ಹಾಗೇ ತಿರುಗಿ ಬರತೊಡಗಿತು. ಅದನ್ನು ನಾವು ತಿನ್ನುತ್ತಿದ್ದೆವು. ಆ ಪೇಡೆಯಷ್ಟು ರುಚಿಯಾದದ್ದನ್ನು ನಾನು ಇನ್ನೂ ತಿಂದಿಲ್ಲ, ಖರೇ ಹೇಳುತ್ತೇನೆ.

ವರ್ಗವಾದ ಮೇಲೂ ಪ್ರತಿ ರವಿವಾರ ಮೊದಲ ಬಸ್ಸಿಗೆ ಬ್ಯಾಡಗಿಗೆ ಬಂದು ನನ್ನನ್ನು ಆಡಿಸಿದರು. ಒಂದು ರವಿವಾರವೂ ತಪ್ಪಿಸಲಿಲ್ಲ. ಒಮ್ಮೆ ಜ್ವರವಿದ್ದರೂ ಬಂದು, ಕಂಬಳಿ ಹೊದ್ದು ಕೂತು ಸೀಟಿ ಊದಿದರು. ನಾನು ಮುಂದೆ ರಾಜ್ಯಕ್ಕೆ ಆಡಿದೆ. ಹೊರದೇಶಕ್ಕೆ ಹೋಗುವ ಯೋಗ ಮಾತ್ರ ಮತ್ತೆ ಬರಲಿಲ್ಲ. ಮೊಣಕಾಲು ಕೆಟ್ಟ ಮೇಲೆ ಹಾವೇರಿಯಲ್ಲಿ ಗುತ್ತಿಗೆಯ ತರಬೇತುದಾರಳಾದೆ. ಆಯ್ಕೆಯ ಹೊತ್ತಿಗೆ ಮಕ್ಕಳ ವಯಸ್ಸಿನ ಕಾಗದ ನೋಡುವುದು ಯಾರಿಗೂ ಬೇಡದ ಕೆಲಸ. ಅದು ನನ್ನ ಪಾಲಿಗೆ ಬಂತು.

ಕಳೆದ ವರ್ಷ ಮತ್ತೆ ಅದೇ ಪಂದ್ಯಾವಳಿಗೆ ಆಯ್ಕೆ ನಡೆಯಿತು. ಗೋಲ್‌ಕೀಪರಾಗಿ ಆಯ್ಕೆಯಾದವಳು ಈಗ ಸಮಿತಿಯಲ್ಲಿ ಇಲ್ಲದ ಆ ಕಾರ್ಯದರ್ಶಿಗಳ ಮೊಮ್ಮಗಳು. ಅವಳ ಆಸ್ಪತ್ರೆಯ ಪತ್ರದಲ್ಲಿ ಒಂದು ತಾರೀಖು, ಶಾಲೆಯ ಪತ್ರದಲ್ಲಿ ಜೂನ್ ಒಂದು. ಆಸ್ಪತ್ರೆಯದರ ಪ್ರಕಾರ ಅವಳು ಒಳಗೆ, ಶಾಲೆಯದರ ಪ್ರಕಾರ ಹೊರಗೆ. ಒಂದು ವರ್ಷ ಮೊದಲೇ ಶಾಲೆಗೆ ಹಾಕುವ ಅವಸರದಲ್ಲಿ ಈ ಅಜ್ಜನೇ ಬರೆಸಿದ್ದು. ಎರಡು ಕಾಗದ ನನ್ನ ಮೇಜಿನ ಮೇಲಿದ್ದವು. ಆತ ಎದುರಿಗೆ ನಿಂತು, "ಯವ್ವಾ, ಹುಡುಗಿ ಭವಿಷ್ಯ ಐತಿ, ನೀನ ದಾರಿ ತೋರಸಬೇಕು" ಎಂದ. ಗುರುತು ಹಿಡಿದಿರಲಿಲ್ಲ. ಇಷ್ಟು ವರ್ಷ ಆತನ ಮುಖವನ್ನು ದಿನಾ ನೆನೆದು ನಾನು ಹಲ್ಲು ಕಡಿದಿದ್ದೆ. ಆತನಿಗೆ ನನ್ನ ಮುಖ ನೆನಪೇ ಇರಲಿಲ್ಲ.

ನನಗೆ ಸಂತೋಷ ತಡೆಯಲಾಗಲಿಲ್ಲ. ನೆಟ್ಟಗೆ ಜಿಲ್ಲಾಸ್ಪತ್ರೆಗೆ ಓಡಿದೆ. ಅಕ್ಕೋರ ಕಿಡ್ನಿ ಕೈಕೊಟ್ಟು ವಾರಕ್ಕೆ ಎರಡು ಸಲ ಅಲ್ಲಿ ರಕ್ತ ಶುದ್ಧಿ ಮಾಡಿಸುತ್ತಿದ್ದರು. ಎಲ್ಲ ಕೇಳಿ ಅವರು ಕಣ್ಣು ಅರಳಿಸಿದರು.

"ಹುಡುಗಿ ಚೆಂಡು ಹಿಡೀತಾಳೇನ?"

"ನನಕ್ಕಿಂತ ಚಲೋ ಹಿಡೀತಾಳ್ರಿ."

"ಹಂಗಾದ್ರ ಕಳಸು."

ನನಗೆ ಸಿಟ್ಟು ನೆತ್ತಿಗೇರಿತು. "ಇಷ್ಟನ ಏನ್ರಿ ನಿಮ್ಮ ಸೇಡು? ಗೆರಿ ಎಳೀತೇನಿ ನಾ. ಲಿಸ್ಟ್ ಸೋಮವಾರ ಹೋಗ್ಬೇಕು, ಟೈಮ್ ಇಲ್ಲ ಅಂತೇನಿ."

"ಹುಡುಗಿ ಮ್ಯಾಲ ತೀರಿಸಿದ್ರ ನೀನೂ ಅವನ ಪೈಕಿ ಆಗ್ತಿ ನೋಡು. ಹುಡುಗೀನ ಕಳಸು. ಮುದುಕನ್ನ ಬಿಡಬ್ಯಾಡ. ಬರೆಸ್ಕೋ."

ಬರೆಸಿಕೊಂಡೆ. ನನ್ನ ಮೇಜಿನ ಮುಂದೆ ನಿಲ್ಲಿಸಿಯೇ ಬರೆಸಿಕೊಂಡೆ. ಕುರ್ಚಿ ಖಾಲಿ ಇತ್ತು, ಕುಂದ್ರಿ ಎನ್ನಲಿಲ್ಲ. ಶಾಲೆಯ ತಾರೀಖು ಸುಳ್ಳು, ಅದನ್ನು ಬರೆಸಿದವನು ನಾನು, ಮಗುವಿನ ತಪ್ಪಿಲ್ಲ ಎಂದು ಮೊದಲ ಹಾಳೆ. ನಿಯಮಕ್ಕೆ ಅಷ್ಟು ಸಾಕಿತ್ತು. ನಾನು ಎರಡನೆಯ ಹಾಳೆ ಮುಂದಿಟ್ಟೆ. "ಇಂಥದ ಕಾರಣಕ್ಕ ಬ್ಯಾಡಗಿಯ ಹುಡುಗಿಯೊಬ್ಬಾಕಿ ಹೆಸರು ಹೊಡದು ನಮ್ಮ ಮನಿ ಹುಡುಗೀನ ಕಳಸೇನಿ ಅಂತ ಬರೀರಿ. ಅಕ್ಕೋರು ಖರೇ ಹೇಳಿದ್ದರು ಅಂತ ಬರೀರಿ." ಆಗ ಆತ ತಲೆಯೆತ್ತಿ ನನ್ನನ್ನು ಸರಿಯಾಗಿ ನೋಡಿದ. ಗುರುತು ಹತ್ತಿತು. ಆ ಹಾಳೆ ಯಾವ ನಿಯಮಕ್ಕೂ ಬೇಕಾಗಿರಲಿಲ್ಲ, ನನಗೆ ಬೇಕಾಗಿತ್ತು. ಬೆವರು ಒರೆಸಿಕೊಳ್ಳುತ್ತ ಬರೆದ.

ಮೊದಲ ಹಾಳೆ ಕಡತಕ್ಕೆ ಹೋಯಿತು, ಎರಡನೆಯದು ಆಸ್ಪತ್ರೆಗೆ. ಅಕ್ಕೋರ ಕೈಗೆ ನಳಿಕೆ ಚುಚ್ಚಿದ್ದರು, ಹಾಗಾಗಿ ನಾನೇ ಓದಿದೆ. ಕಣ್ಣು ಮುಚ್ಚಿ ಕೇಳಿದರು. ಇನ್ನೊಮ್ಮೆ ಓದಿಸಿದರು.

"ನಿಂಗ ಸಮಾಧಾನ ಆತೇನ?" ಎಂದರು.

"ಇಲ್ರಿ."

"ನಂಗೂ ಇಲ್ಲ." ಮತ್ತೆ ಕಣ್ಣು ಮುಚ್ಚಿಕೊಂಡರು. "ಆದ್ರೂ ಇನ್ನೊಮ್ಮಿ ಓದು."

ಎಂಟು ದಿನಕ್ಕೆ ಅಕ್ಕೋರು ತೀರಿಕೊಂಡರು.

ಬ್ಯಾಡಗಿಯ ಶಾಲೆಯ ಅಂಗಳದಲ್ಲಿ ಶೋಕಸಭೆ ಇಟ್ಟಿದ್ದರು. ಕಾರ್ಯದರ್ಶಿಗಳು ಬಿಳಿ ಅಂಗಿ ಹಾಕಿಕೊಂಡು ಮೊಮ್ಮಗಳ ಜೊತೆ ಬಂದರು. ಮುಂದಿನ ವಾರ ಅವಳು ಹೊರದೇಶಕ್ಕೆ ಹೊರಡುವುದಿತ್ತು. ಯಾರೋ ಮರ್ಯಾದೆಗೆ ಮೈಕು ಕೊಟ್ಟರು. ಆತ ಕಣ್ಣು ಒರೆಸಿಕೊಂಡು, "ಅಕ್ಕೋರದು ಬಾಳ ದೊಡ್ಡ ಮನಸ್ಸು. ಯಾರರ ತಪ್ಪು ಮಾಡಿದ್ರೂ ಮನಸ್ಸಿನ್ಯಾಗ ಇಟ್ಕೋಲಿಲ್ಲ. ಎಲ್ಲಾರನ್ನೂ ಕ್ಷಮಿಸಿ ಹೋದ್ರು" ಎಂದ.

ನನಗೆ ಕೂರಲಾಗಲಿಲ್ಲ. ಕೂತಲ್ಲಿಂದ ಎದ್ದೆ. "ಕ್ಷಮಿಸಿಲ್ರಿ," ಎಂದೆ. ಮೈಕು ಬೇಕಾಗಲಿಲ್ಲ, ಮೈದಾನದಲ್ಲಿ ಕೂಗಿ ಕಲಿತ ಗಂಟಲು. "ಹತ್ತು ವರ್ಷದ ಹಿಂದ ಈ ಹುಡುಗಿ ಜಾಗದಾಗ ನಾ ಇದ್ದೆ. ನನ್ನ ಜಾಗ ನೀವು ಕಸಗೊಂಡ್ರಿ. ಅಕ್ಕೋರು ನಿಮ್ಮನ್ನ ಸಾಯೂ ತನಕ ಕ್ಷಮಿಸಲಿಲ್ಲ. ಸತ್ತವರ ಹೆಸರಿನಾಗ ಸುಳ್ಳು ಹೇಳಬ್ಯಾಡ್ರಿ."

ಆತ ಮೈಕು ಇಟ್ಟು ಮೊಮ್ಮಗಳ ಪಕ್ಕದಲ್ಲಿ ಬಂದು ಕೂತ. ಅವಳು ನನ್ನ ಕಡೆ ನೋಡಿ, ಅಜ್ಜನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಕೇಳಿದಳು, "ಏನ್ ಮಾಡಿದಿ ಅಜ್ಜಾ ಇವ್ರಿಗೆ?"

ಆತ ಏನು ಉತ್ತರ ಕೊಟ್ಟನೋ ನನಗೆ ಗೊತ್ತಿಲ್ಲ. ಆ ಹುಡುಗಿಯ ಮುಖ ನೋಡಲಾಗದೆ ನಾನು ಹೊರಗೆ ಬಂದುಬಿಟ್ಟೆ. ಅಕ್ಕೋರಾಗಿದ್ದರೆ ನಿಂತು ಕೇಳಿಸಿಕೊಂಡೇ ಬರುತ್ತಿದ್ದರು.