ಬಿಡಬಾರದ ಹಗ್ಗ

ಆರೋಗ್ಯವೇ ಭಾಗ್ಯವೆಂದು ಹಿರಿಯರು ಹೇಳಿದ್ದಾರೆ. ನಮ್ಮ ಊರಿನಲ್ಲಿ ಹಾಗೆ ಹೇಳಿದ ಹಿರಿಯರೆಲ್ಲ ಆ ಹೊತ್ತಿಗೆ ಈಸಿಚೇರಿನಲ್ಲಿ ಒರಗಿದ್ದರು ಎಂಬುದನ್ನೂ ದಾಖಲಿಸಬೇಕು. ಎದ್ದು ನಿಂತು ಹೇಳಿದವರು ಒಬ್ಬರೇ, ನಮ್ಮ ಡ್ರಿಲ್ ಮಾಷ್ಟ್ರು. ಮೊನ್ನೆ ಕಾಸರಗೋಡು ಪೇಟೆಯಲ್ಲಿ ಬಾವಿಗೆ ಹಗ್ಗ ಕೊಳ್ಳುವಾಗ ತೆಂಗಿನ ನಾರಿನ ವಾಸನೆ ಮೂಗಿಗೆ ಬಡಿಯಿತು. ಅಂಗೈ ತನ್ನಷ್ಟಕ್ಕೇ ಉರಿಯತೊಡಗಿತು...

ನಾನು ಎಂಟನೆಯ ತರಗತಿಯಲ್ಲಿದ್ದಾಗ ಆರೋಗ್ಯ ಕೇಂದ್ರದ ನರ್ಸಮ್ಮ ಶಾಲೆಗೆ ಬಂದು ನಮ್ಮನ್ನೆಲ್ಲ ತೂಗಿ, ಎಂಟು ಹುಡುಗರ ಹೆಸರಿನ ಮುಂದೆ ‘ದುರ್ಬಲ’ ಎಂದು ಬರೆದರು. ಮೊದಲ ಹೆಸರು ನನ್ನದು. ಶಾಲೆಯಲ್ಲಿ ನಾನು ಮೊದಲ ಸ್ಥಾನ ಪಡೆದ ಏಕೈಕ ಪಟ್ಟಿ ಅದು. ದುರ್ಬಲರಿಗೆ ಪಿ.ಟಿ. ಯಾಕೆ ಎನ್ನುತ್ತಾ ಗಣಿತದ ಮಾಷ್ಟ್ರು ಶುಕ್ರವಾರದ ಮೂರನೆಯ ಪೀರಿಯಡ್ಡಿನ ಮೇಲೆ ಕಣ್ಣು ಹಾಕಿದರು.

“ಓಡಿದ್ರೆ ಲೆಕ್ಕ ಬರ್ತದಾ ಮಾಷ್ಟ್ರೇ?”

“ಇಷ್ಟು ದಿನ ಕೂತೂ ಬರ್ಲಿಲ್ಲ ಅಲ್ವಾ ಮಾರಾಯ್ರೇ,” ಎಂದರು ಡ್ರಿಲ್ ಮಾಷ್ಟ್ರು.

ಹೆಡ್ಮಾಷ್ಟ್ರು ತೀರ್ಪು ಕೊಟ್ಟರು: ಉಪಜಿಲ್ಲಾ ಕ್ರೀಡಾಕೂಟದಲ್ಲಿ ಈ ಎಂಟು ಮಂದಿ ಏನಾದರೂ ಗೆದ್ದರೆ ಆ ಪೀರಿಯಡ್ ಪಿ.ಟಿ.ಗೆ; ಇಲ್ಲವಾದರೆ ಗಣಿತಕ್ಕೆ, ಶಾಶ್ವತವಾಗಿ.

ಡ್ರಿಲ್ ಮಾಷ್ಟ್ರು ಹಗ್ಗಜಗ್ಗಾಟ ಆರಿಸಿದರು. ಶಾಲೆಯಲ್ಲಿ ಹಗ್ಗವೇ ಇರಲಿಲ್ಲ. ರಜೆಯ ದಿನಗಳಲ್ಲಿ ನಮ್ಮನ್ನು ಶಿರಿಯದ ಕಡಲತೀರಕ್ಕೆ ಕರೆದೊಯ್ದು, ದಡದಲ್ಲಿ ನಿಂತು ನಾರಿನ ಹಗ್ಗದಿಂದ ಬಲೆ ಎಳೆಯುವ ಮೀನುಗಾರರ ಸಾಲಿಗೆ ಸೇರಿಸಿದರು. ಹಿಮ್ಮಡಿ ಮರಳಿಗೆ ಊರಿ, ಬೆನ್ನು ಹಿಂದಕ್ಕೆ ಚೆಲ್ಲಿ, ಹಿಂದೆ ಹಿಂದೆ ನಡೆಯಬೇಕು. ಸಾಲಿನ ಕೊನೆಯವನು ಹಗ್ಗ ಬಿಟ್ಟು ನೀರಿನಂಚಿಗೆ ಓಡಿ, ಮತ್ತೆ ಎಲ್ಲರ ಮುಂದೆ ಹಿಡಿಯಬೇಕು. ಎಳೆದಾದ ಮೇಲೆ ಗಂಜಿ, ಬೂತಾಯಿ ಮೀನಿನ ಸಾರು. ನಾವು ಎಳೆಯಲು ಕಲಿತೆವೋ ಉಣ್ಣಲು ಕಲಿತೆವೋ... ಅಂತೂ ನರ್ಸಮ್ಮನ ತೂಕದ ಯಂತ್ರದ ಮುಳ್ಳು ಮುಂದಕ್ಕೆ ಹೋಯಿತು.

ಕ್ರೀಡಾಕೂಟದಲ್ಲಿ ನಾವು ಫೈನಲ್ ತಲುಪಿದೆವು. ಮೂರು ಎಳೆತಗಳಲ್ಲಿ ಎರಡು ಗೆಲ್ಲಬೇಕು. ಮೊದಲನೆಯದರಲ್ಲಿ ಎದುರಾಳಿಗಳನ್ನು ಗೆರೆಯ ಹತ್ತಿರಕ್ಕೆ ತಂದಿದ್ದೆವು. ಆಗ ಸಾಲಿನ ಕೊನೆಯಲ್ಲಿದ್ದ ನಾನು, ಅಭ್ಯಾಸಬಲದಿಂದ, ಪರಮ ಗಾಂಭೀರ್ಯದಿಂದ ಹಗ್ಗ ಬಿಟ್ಟು ಮುಂದಕ್ಕೆ ಓಡಿದೆ. ಉಳಿದ ಏಳು ಮಂದಿ ಎದುರು ಪಕ್ಷದತ್ತ ಜಾರಿಹೋದರು. ಮೈದಾನವೇ ನಕ್ಕಿತು, ಗಣಿತದ ಮಾಷ್ಟ್ರು ಎಲ್ಲರಿಗಿಂತ ಜೋರಾಗಿ.

ಡ್ರಿಲ್ ಮಾಷ್ಟ್ರು ಮಾತ್ರ ನಗದೆ ಹತ್ತಿರ ಬಂದರು.

“ಎಂತ ಮಾರಾಯ, ಬಲೆ ದಡಕ್ಕೆ ಬಂತಾ?”

ಅವರು ಹಗ್ಗದ ತುದಿಯನ್ನು ನನ್ನ ಹೆಗಲ ಮೇಲಿಂದ ಬಳಸಿ ಕೈಗಿತ್ತರು. “ಇಲ್ಲಿ ಓಡ್ಲಿಕ್ಕಿಲ್ಲ. ಹಿಡಿದದ್ದನ್ನು ಬಿಡ್ಬೇಡ, ಅಷ್ಟೇ.”

ಆಮೇಲಿನ ಎರಡು ಎಳೆತಗಳಲ್ಲಿ ಎದುರು ಪಕ್ಷದ ಎಂಟು ಪೈಲ್ವಾನರು ಬಲೆಗೆ ಬಿದ್ದ ಬೂತಾಯಿಗಳಂತೆ ನಮ್ಮ ಕಡೆಗೆ ಬಂದರು. ಶಿಳ್ಳೆ ಊದಿದ ಮೇಲೂ ನಾನು ಬಿಡಲಿಲ್ಲ. ನನ್ನ ಬೆರಳು ಬಿಡಿಸಲು ಇಬ್ಬರು ಬೇಕಾದರು. ಗಣಿತದ ಮಾಷ್ಟ್ರು ಬಂದು, “ಎರಡು, ಒಂದು. ಲೆಕ್ಕ ಸರಿ ಉಂಟು,” ಎಂದು ಡ್ರಿಲ್ ಮಾಷ್ಟ್ರ ಕೈ ಕುಲುಕಿದರು.

ಕಳೆದ ಮಳೆಗಾಲದಲ್ಲಿ ಡ್ರಿಲ್ ಮಾಷ್ಟ್ರು ತೀರಿಕೊಂಡರು. ನಾನು ಊರಲ್ಲಿರಲಿಲ್ಲ, ಅವರಿಗೆ ಹೆಗಲು ಕೊಡುವ ಭಾಗ್ಯ ಸಿಗಲಿಲ್ಲ...

ಮೊನ್ನೆ ಹಗ್ಗ ಹಿಡಿದುಕೊಂಡೇ ಶಾಲೆಗೆ ಹೋಗಿ ಗೋಡೆಯ ವೇಳಾಪಟ್ಟಿ ನೋಡಿದೆ. ಶುಕ್ರವಾರದ ಮೂರನೆಯ ಪೀರಿಯಡ್ ಈಗಲೂ ಪಿ.ಟಿ.